ಮನುಷ್ಯರಿಲ್ಲದ ಕಾಡು

"ಏಯ್, ಕುಂಡೆ ಇಳಿಸೇ ಲೌಡಿ! ಜನ ಟಿಕೆಟ್ ತಗೊಂಡು ಬಂದಿರೋದು ಜಿಂಕೆ ಕುಂಡೆ ನೋಡಕ್ಕೆ, ನಿಂದಲ್ಲ!"

ಸಿಳ್ಳೆ ಮೇಸ್ತ್ರಿ ಬೈದದ್ದು ನನ್ನ ಅಕ್ಕನನ್ನು. ಅವನೂ ಪೊದೆಯ ಹಿಂದೆ ಬಚ್ಚಿಟ್ಟುಕೊಂಡು ಕೂತಿದ್ದರಿಂದ ಬೈಗುಳ ಪಿಸುಮಾತಿನಲ್ಲಿ ಬಂತು. ಪಿಸುಗುಟ್ಟುತ್ತಾ ಬೈಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅಕ್ಕ ಹೊಟ್ಟೆಯನ್ನು ನೆಲಕ್ಕೊತ್ತಿ ಮುಖವನ್ನು ಹುಲ್ಲಿನೊಳಗೆ ಹುದುಗಿಸಿದಳು. ಅವಳ ಪಕ್ಕ ನಾನು, ನನ್ನಾಚೆ ಕೆಮ್ಮಿನ ಮಾವ, ಅವನಾಚೆ ಇನ್ನೂ ಎಂಟು ಜನ ಸಾಲಾಗಿ ಬೋರಲು ಬಿದ್ದಿದ್ದೆವು. ಕೆಮ್ಮಿನ ಮಾವ ಟವೆಲ್ಲಿನ ಅರ್ಧವನ್ನು ಬಾಯೊಳಗೆ ತುರುಕಿಕೊಂಡಿದ್ದ. ಗಾಡಿ ಬಂತು, ನಿಂತಿತು, ಮೇಲಿನಿಂದ ಯಾರೋ "ಅಬ್ಬಾ, ಎಷ್ಟು ಪ್ರಶಾಂತವಾಗಿದೆ" ಅಂದರು, ಗಾಡಿ ಹೋಯಿತು. ಮೇಸ್ತ್ರಿ ಎರಡು ಸಲ ಚಿಕ್ಕದಾಗಿ ಸಿಳ್ಳೆ ಹಾಕಿದ ಮೇಲೆ ಎದ್ದೆವು.

"ನನ್ನ ಕುಂಡೆ ಮೇಲೆ ನಿನಗ್ಯಾಕೋ ಕಣ್ಣು, ಬೋಳಿಮಗನೇ?" ಅಕ್ಕ ಮೈಮೇಲಿನ ಹುಲ್ಲು ಕೊಡವಿಕೊಂಡಳು. "ನೀನೂ ಟಿಕೆಟ್ ತಗೊಂಡಿದೀಯಾ?"

ಎಲ್ಲರೂ ನಕ್ಕೆವು. ಕೆಮ್ಮಿನ ಮಾವ ಟವೆಲ್ ಕಿತ್ತು, ನಗುವನ್ನೂ ಕೆಮ್ಮನ್ನೂ ಒಟ್ಟಿಗೇ ಹೊರಗೆ ಹಾಕಿದ.

ನಮ್ಮ ಕೆಲಸ ಪ್ರಾಣಿಗಳಿಗೆ ನೀರು ಹೊರುವುದು. ಕಾಡಿನೊಳಗೆ ಕೆರೆಯಿದೆ. ಆದರೆ ಅದರಲ್ಲಿ ದೋಣಿ ಬಿಟ್ಟಿದ್ದಾರೆ, ದಡದಲ್ಲಿ ಕೊಡೆ ನೆಟ್ಟು ಕುರ್ಚಿ ಹಾಕಿದ್ದಾರೆ, ಪ್ರಾಣಿಗಳು ಬಂದು ಕಲಕಬಾರದೆಂದು ಸುತ್ತ ತಂತಿಬೇಲಿ ಎಳೆದಿದ್ದಾರೆ. ಹಾಗಾಗಿ ಜಿಂಕೆಗೂ ಹಂದಿಗೂ ನಾವೇ ಕೆರೆ. ಗಾಡಿದಾರಿಯ ಪಕ್ಕದಲ್ಲಿ, ಹುಲ್ಲಿನೊಳಗೆ ಮರೆಯಾಗಿ ಸಿಮೆಂಟಿನ ತೊಟ್ಟಿಗಳಿವೆ. ತಲೆಯ ಮೇಲೆ ಕ್ಯಾನು ಹೊತ್ತು ತಂದು ಅವಕ್ಕೆ ಸುರಿಯಬೇಕು. ಬೆಳಕು ಹರಿಯುವ ಮುಂಚೆಯೇ ಸುರಿದಿಟ್ಟರೆ ಅವು ಕುಡಿದು ತಮ್ಮ ಪಾಡಿಗೆ ಹೋಗಿಬಿಡುತ್ತವೆ. ಗಾಡಿ ಬರುವ ಹೊತ್ತಿಗೆ ಸರಿಯಾಗಿ ನೀರು ಬೀಳಬೇಕು, ಆ ಸದ್ದಿಗೆ ಪ್ರಾಣಿ ಬರಬೇಕು, ನಾವು ಕಾಣಬಾರದು.

ನಗರದವರಿಗೆ ಮನುಷ್ಯರನ್ನು ನೋಡಿ ನೋಡಿ ಸಾಕಾಗಿದೆಯಂತೆ. ಮನುಷ್ಯರಿಲ್ಲದ ಜಾಗ ನೋಡಲು ಬರುತ್ತಾರಂತೆ. ಅದಕ್ಕೇ ನಮಗೆ ಕುತ್ತಿಗೆಯಿಂದ ಹಿಮ್ಮಡಿವರೆಗೆ ಎಲೆಬಣ್ಣದ ನಿಲುವಂಗಿ. ಉದ್ದನೆಯ ಸಿಳ್ಳೆ ಬಿದ್ದರೆ ಕ್ಯಾನು ಇಳಿಸಿ, ದಾರಿಯಿಂದ ದೂರ ಓಡಿ, ಬೋರಲು ಮಲಗಬೇಕು. ಸಿಳ್ಳೆಯಾದರೂ ಹಕ್ಕಿ ಕೂಗಿದ ಹಾಗಿರಬೇಕೆಂದು ಮೇಸ್ತ್ರಿಗೆ ಸಾಹೇಬನ ಅಪ್ಪಣೆ. ಸಾಹೇಬ ಅಂದರೆ ಈ ಕಾಡಿಗೆಲ್ಲ ಯಜಮಾನನಾದ ಅಧಿಕಾರಿ. ಗೇಟಿನ ಹತ್ತಿರ ಬಂದವರು ಕಂಡ ಹಕ್ಕಿಗಳನ್ನು ಬರೆದಿಡುವ ಪುಸ್ತಕವಿದೆ. ಅದರಲ್ಲಿ ನಮ್ಮ ಮೇಸ್ತ್ರಿಯನ್ನು ಮೂರು ಜನ ಅಪರೂಪದ ಹಕ್ಕಿಯೆಂದು ಬರೆದುಹೋಗಿದ್ದಾರೆ.

ಮೊದಲು ನಾವು ಈ ಕಾಡಿನೊಳಗೇ ಇದ್ದವರು. ಅಪ್ಪನ ಗುಡಿಸಲಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ನಮ್ಮನ್ನು ಬೇಲಿಯಾಚೆ, ರಸ್ತೆಗೂ ಮೋರಿಗೂ ನಡುವೆ ತಗಡಿನ ಸಾಲುಮನೆಗಳಿಗೆ ಹಾಕಿದರು. ಅಮ್ಮ ಅಲ್ಲಿಗೆ ಬಂದ ವರ್ಷವೇ ಸತ್ತಳು. ನನ್ನನ್ನು ಬೆಳೆಸಿದವಳು, ಮದುವೆ ಮಾಡಿದವಳು, ಮದುವೆಯಾದ ಮೇಲೂ ನನಗೂ ನನ್ನ ಗಂಡನಿಗೂ ಬೇಯಿಸಿ ಹಾಕಿದವಳು ಅಕ್ಕ. ತಾನು ಮಾತ್ರ ಮದುವೆಯಾಗಲಿಲ್ಲ. ಕೇಳಿದರೆ, "ಒಬ್ಬ ದಂಡಪಿಂಡಕ್ಕೆ ಉಣ್ಣಕ್ಕಿಕ್ಕೋದೇ ಸಾಕಾಗಿದೆ" ಎಂದು ನನ್ನ ಗಂಡನ ಕಡೆ ನೋಡುತ್ತಿದ್ದಳು.

ಆ ದಂಡಪಿಂಡಕ್ಕೆ ಗಾಡಿ ಓಡಿಸುವ ಕೆಲಸ ಕೊಡಿಸಿದ್ದೂ ಅವಳೇ. ಅದಕ್ಕಾಗಿ ಅವಳು ಸಾಹೇಬನ ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ. ಜಗಲಿಯ ಮೇಲೆ ಸಾಹೇಬನ ಗೆಳೆಯರು ನಾಲ್ಕು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಇವರೇ ಕಣ್ರಿ ನಮ್ಮ ಮಾಯಾವಿಗಳು," ಸಾಹೇಬ ನಗುತ್ತಾ ಅವರಿಗೆ ಹೇಳಿದ. "ಕಣ್ಣು ಮುಚ್ಚಿ ಬಿಡೋದರೊಳಗೆ ಮಾಯ. ಎಲ್ಲಿ, ಮಲಗಿ ತೋರಿಸು ನೋಡೋಣ."

"ಇಲ್ಲೇನಾ, ಸಾಹೇಬ್ರೇ?"

"ಇಲ್ಲೇ. ನಾನೇ ಸಿಳ್ಳೆ ಹಾಕ್ತೀನಿ."

ಸಿಮೆಂಟಿನ ನೆಲದ ಮೇಲೆ ಅಕ್ಕ ಬೋರಲು ಮಲಗಿದಳು. ಗೆಳೆಯರಲ್ಲೊಬ್ಬ ಫೋನಿನಲ್ಲಿ ಮಾತಾಡುತ್ತಿದ್ದವನು ನೋಡಲಿಲ್ಲವೆಂದು ಇನ್ನೊಂದು ಸಲ. ಮೊದಲನೆಯದೇ ಚುರುಕಾಗಿತ್ತೆಂದು ಯಾರೋ ಅಂದದ್ದಕ್ಕೆ ಮೂರನೇ ಸಲ. ನಾನು ಕಂಬ ಹಿಡಿದು ನಿಂತಿದ್ದೆ. ಅಕ್ಕ ಎದ್ದು, ಗಲ್ಲಕ್ಕೆ ಹತ್ತಿದ ಧೂಳು ಒರೆಸದೆ, "ನಮ್ಮ ಹುಡುಗನಿಗೆ ಕೆಲಸ, ಸಾಹೇಬ್ರೇ" ಅಂದಳು.

ಮರುವಾರ ನನ್ನ ಗಂಡನಿಗೆ ಟೋಪಿ ಬಂತು. ನಮ್ಮ ಸಾಲುಮನೆಯವರ ಪೈಕಿ ಕಾಡಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುವವನು ಅವನೊಬ್ಬನೇ. ಬಂದವರಿಗೆ ಹೇಳಬೇಕಾದ ಮಾತುಗಳನ್ನು ಬರೆದುಕೊಟ್ಟಿದ್ದರು. ಒಲೆಯ ಮುಂದೆ ಕೂತು ಕಂಠಪಾಠ ಮಾಡುತ್ತಿದ್ದ. "ಎಡಗಡೆ ನೋಡಿ. ಈ ನೆಲದ ಮೇಲೆ ಇದುವರೆಗೆ ಮನುಷ್ಯನ ಹೆಜ್ಜೆ ಬಿದ್ದಿಲ್ಲ."

ಅಕ್ಕ ತನ್ನ ಒಡೆದ ಅಂಗಾಲನ್ನು ಅವನ ಮೂಗಿನ ಮುಂದೆ ಹಿಡಿದಳು. "ಹಾಗಾದ್ರೆ ಇದ್ಯಾರದ್ದೋ? ನಿಮ್ಮಪ್ಪಂದಾ?"

ಅವನೂ ನಗುತ್ತಿದ್ದ ಆಗ. ಆದರೆ ದಿನಾ ಹೇಳುತ್ತಾ ಹೇಳುತ್ತಾ ಮಾತು ಅವನ ಮೈಗೆ ಹತ್ತಿತು. ನಾವು ಬಿದ್ದುಕೊಂಡಿದ್ದ ಜಾಗದ ಪಕ್ಕದಲ್ಲೇ ಗಾಡಿ ನಿಲ್ಲಿಸಿ ಹೆಜ್ಜೆ ಬಿದ್ದಿಲ್ಲವೆಂದು ಹೇಳುವಾಗ ಅವನ ದನಿಯಲ್ಲಿ ಸುಳ್ಳಿನ ಸುಳಿವೂ ಇರುತ್ತಿರಲಿಲ್ಲ. ಸಂಜೆ ಮನೆಗೆ ಬಂದಾಗಲೂ ನಮ್ಮ ತಲೆಯ ಮೇಲಿನಿಂದ ಆಚೆ ನೋಡುವುದು ಅಭ್ಯಾಸವಾಗಿತ್ತು.

ಆ ಬೇಸಿಗೆಯಲ್ಲಿ ಒಂದು ಕಾಜಾಣ ನಮ್ಮ ಬೆನ್ನು ಹತ್ತಿತು. ಕಾಜಾಣ ಕಂಡವರ ದನಿಯನ್ನೆಲ್ಲ ಕದಿಯುವ ಹಕ್ಕಿ. ಆ ಮುಂಡೇದು ಮೇಸ್ತ್ರಿಯ ಉದ್ದನೆಯ ಸಿಳ್ಳೆಯನ್ನು ಎಳೆ ಬಿಡದಂತೆ ಕಲಿತುಬಿಟ್ಟಿತು. ಅದು ಕೊಂಬೆಯ ಮೇಲೆ ಕೂತು ಕೂಗುವುದು, ನಾವು ಹನ್ನೊಂದು ಜನ ಕ್ಯಾನು ಇಳಿಸಿ ದಬದಬ ಬೀಳುವುದು. ಗಾಡಿಯೂ ಇಲ್ಲ, ಗೀಡಿಯೂ ಇಲ್ಲ. ಒಮ್ಮೆ ಮೇಸ್ತ್ರಿಯೇ ತನ್ನ ಸಿಳ್ಳೆಗೆ ತಾನೇ ಮಲಗಿದ. ವಾರದಲ್ಲಿ ನಾಲ್ಕೈದು ಸಲ ಹೀಗಾದ ಮೇಲೆ ಸಿಳ್ಳೆ ಕೇಳಿದರೆ ಮೊದಲು ಮೇಲೆ ನೋಡುವುದನ್ನು ರೂಢಿ ಮಾಡಿಕೊಂಡೆವು. ಅಕ್ಕನಂತೂ, "ಇದು ಹಕ್ಕಿದು, ಇದು ಹಲ್ಕಟ್‌ದು" ಎಂದು ವಿಂಗಡಿಸಿ ಹೇಳುತ್ತಿದ್ದಳು. ಹೆಚ್ಚಿನ ಸಲ ಅವಳ ಮಾತೇ ನಿಜವಾಗುತ್ತಿತ್ತು.

ಅವತ್ತು ಸಾಹೇಬನಿಗಿಂತ ಮೇಲಿನ ಅಧಿಕಾರಿಯೊಬ್ಬ ಹೆಂಡತಿಯೊಡನೆ ಅತಿಥಿಯಾಗಿ ಬಂದಿದ್ದ. ಸಾಹೇಬನೇ ಖುದ್ದಾಗಿ ಗಾಡಿ ಹತ್ತಿದ್ದ. ಮೂರನೇ ತೊಟ್ಟಿಯ ಮೇಲಿನ ಮರದಲ್ಲಿ ಬೆಳಗಿನಿಂದ ಚಿರತೆ ಕೂತಿದೆಯೆಂದು ಸುದ್ದಿ ಬಂದಿತ್ತು. ಅದು ಅಲ್ಲಿಂದ ಕದಲಬಾರದು, ಕೆಳಗೆ ಜಿಂಕೆ ಬರಬೇಕು, ಅದಕ್ಕೆ ನೀರು ಬೀಳಬೇಕು.

"ಮೇಲೆ ಅದು ಕೂತಿದೆ ಕಣೋ," ಅಂದಳು ಅಕ್ಕ.

"ಅದಕ್ಕೆ ಜಿಂಕೆ ಮಾಂಸ ಸಿಗುತ್ತೆ," ಅಂದ ಮೇಸ್ತ್ರಿ. "ನಿನ್ನ ಒಣಗಿದ ಮೂಳೆ ಯಾರಿಗೆ ಬೇಕು? ನಡಿಯೇ."

ಚಿರತೆಗೆ ನಮಗಿಂತ ಮರ್ಯಾದೆಯಿತ್ತು. ನಮ್ಮ ಕಡೆ ಒಮ್ಮೆ ನೋಡಿ ಬಾಲ ಇಳಿಬಿಟ್ಟು ಸುಮ್ಮನಾಯಿತು. ನಾನು ನನ್ನ ಕ್ಯಾನು ಸುರಿದು ದಾರಿಯಾಚೆಯ ಹುಲ್ಲಿಗೆ ಬಂದಿದ್ದೆ. ಅಕ್ಕ ಇನ್ನೂ ದಾರಿಗೂ ಮರಕ್ಕೂ ನಡುವೆ, ಕ್ಯಾನು ಹೊತ್ತು ನಿಧಾನ ಹೆಜ್ಜೆ ಹಾಕುತ್ತಿದ್ದಳು. ಆಗ ಉದ್ದನೆಯ ಸಿಳ್ಳೆ ಕೇಳಿಸಿತು. ನಾನು ಬಿದ್ದೆ. ಅಕ್ಕ ಬೀಳಲಿಲ್ಲ.

"ಏಳೇ ಪುಕ್ಕಲಿ," ನನ್ನ ಕಡೆ ತಿರುಗಿ ನಕ್ಕಳು. "ಅದು ಕಾಜಾಣ."

ಅದು ಕಾಜಾಣವಾಗಿರಲಿಲ್ಲ. ತಿರುವಿನಲ್ಲಿ ಗಾಡಿಯ ಮೂತಿ ಕಾಣಿಸಿತು. ದೂರ ಓಡಲು ಹೊತ್ತಿರಲಿಲ್ಲ. ಅಕ್ಕ ಕ್ಯಾನನ್ನು ಅಲ್ಲೇ ಇಳಿಸಿ, ನಿಂತಲ್ಲೇ ಹುಲ್ಲಿನೊಳಗೆ ಅಡ್ಡಬಿದ್ದಳು. ಸೊಂಟದೆತ್ತರದ ಹುಲ್ಲು ಅವಳ ಮೇಲೆ ಮುಚ್ಚಿಕೊಂಡಿತು. ಇಡೀ ಕಾಡಿನಲ್ಲಿ ಅವಳಷ್ಟು ಚೆನ್ನಾಗಿ ಮಾಯವಾಗುವವರು ಬೇರೆ ಯಾರೂ ಇರಲಿಲ್ಲ.

ಗಾಡಿ ನಿಂತಿತು. ಅತಿಥಿಗೆ ಚಿರತೆಯ ಬಾಲ ಮಾತ್ರ ಕಾಣುತ್ತಿತ್ತು.

"ಇಲ್ಲಿಂದ ಏನೂ ಸಿಗಲ್ಲರೀ," ಅಂದ.

"ಇಳಿಸೋ ಹುಲ್ಲಿಗೆ," ಸಾಹೇಬ ನನ್ನ ಗಂಡನಿಗೆ ಹೇಳಿದ. "ಮರದ ಬುಡಕ್ಕೆ ಹೋಗು."

ಗಾಡಿ ದಾರಿ ಬಿಟ್ಟು ಇಳಿಯಕೂಡದೆಂದು ಗೇಟಿನಲ್ಲಿ ಬೋರ್ಡಿದೆ. ಆನೆ ನಡೆದದ್ದೇ ದಾರಿ.

"ಸರ್," ನನ್ನ ಗಂಡ ಹಿಂದಕ್ಕೆ ತಿರುಗಿದ. "ಅಲ್ಲಿ ತೊಟ್ಟಿ ಹತ್ರ ಕೆಲಸದೋರು ಇರ್ತಾರೆ..."

"ಯಾರಿರ್ತಾರೆ?"

ನನ್ನ ಗಂಡ ಟೋಪಿ ಸರಿಮಾಡಿಕೊಂಡ.

"ನಿನಗೆ ಏನು ಬರೆದುಕೊಟ್ಟಿದೀನಿ? ಹೇಳು, ಇವರಿಗೂ ಕೇಳಲಿ."

"ಈ ನೆಲದ ಮೇಲೆ... ಮನುಷ್ಯನ ಹೆಜ್ಜೆ ಬಿದ್ದಿಲ್ಲ, ಸರ್."

"ಹಾಂ. ಇಳಿಸು."

ಮುಖ ಎತ್ತಬಾರದೆಂಬ ಕಟ್ಟಳೆ ಮರೆತು ನಾನು ಕತ್ತೆತ್ತಿದ್ದೆ. ಚಕ್ರ ಹುಲ್ಲನ್ನು ಮಲಗಿಸುತ್ತಾ ಹೋಯಿತು. ಒಂದು ಕಡೆ ಸ್ವಲ್ಪ ಮೇಲೆದ್ದು, ಇಳಿಯಿತು. ಹಿಂದಿನ ಚಕ್ರವೂ ಹಾಗೇ ಎದ್ದು, ಇಳಿಯಿತು. ಕ್ಯಾನು ಒಡೆದು ನೀರು ಚೆಲ್ಲಿದ್ದು ಕೇಳಿಸಿತು.

"ಏನೋ ಹತ್ತಿದ ಹಾಗಾಯ್ತು," ಅಂದಳು ಅತಿಥಿಯ ಹೆಂಡತಿ.

"ದಿಮ್ಮಿ ಮೇಡಂ. ಕಾಡಲ್ವಾ, ಬಿದ್ದಿರ್ತವೆ," ಅಂದ ಸಾಹೇಬ.

ಅಕ್ಕ ಕಿರುಚಲಿಲ್ಲ. ಮಲಗಿದಾಗ ಸದ್ದು ಮಾಡಕೂಡದೆಂಬುದು ಆರು ವರ್ಷದಲ್ಲಿ ನಮ್ಮ ರಕ್ತಕ್ಕೆ ಇಳಿದಿತ್ತು. ಅವಳ ಮೂಗಿನಿಂದ ಒಂದು ದನಿ ಹೊರಟಿತು, ಕೆಳದನಿಯಲ್ಲಿ, ನಿಂತು ನಿಂತು. ಅಂಥ ದನಿಯನ್ನು ನಾನು ಮನುಷ್ಯರ ಬಾಯಲ್ಲಿ ಕೇಳಿರಲಿಲ್ಲ.

"ಶ್‌ಶ್!" ಅತಿಥಿ ಕೈ ಎತ್ತಿದ. "ಅದು ಯಾವ ಪ್ರಾಣಿ?"

ಸಾಹೇಬನಿಗೆ ಗೊತ್ತಾಗಿತ್ತು. ಅವನ ಕುತ್ತಿಗೆ ಕೆಂಪಾದದ್ದು ನಾನಿದ್ದಲ್ಲಿಗೇ ಕಂಡಿತು. ಅವನು ನನ್ನ ಗಂಡನ ಭುಜದ ಮೇಲೆ ಕೈಯಿಟ್ಟ. "ಹೇಳಯ್ಯ. ನೀನು ಕಾಡಿನವನು, ನಿನಗೆ ಗೊತ್ತಿರಬೇಕು."

ಗಾಡಿಯ ಎಂಜಿನ್ನು ನಿಂತಿತ್ತು. ನನ್ನ ಗಂಡ ಸ್ಟಿಯರಿಂಗನ್ನೇ ನೋಡುತ್ತಿದ್ದ.

"ಹಂದಿ, ಸರ್."

"ಯಾಕೆ ಹಾಗೆ ಕೂಗುತ್ತೆ ಪಾಪ?"

"ಮರಿ ಹಾಕ್ತಿರಬೇಕು ಮೇಡಂ," ಸಾಹೇಬನೇ ಹೇಳಿದ. "ಅಂಥ ಹೊತ್ತಲ್ಲಿ ಹತ್ತಿರ ಹೋಗಬಾರದು."

ಅತಿಥಿಗೆ ಪ್ರಾಣಿಗಳ ದನಿ ಸಂಗ್ರಹಿಸುವ ಚಟವಂತೆ. ಜೇಬಿನಿಂದ ಚಿಕ್ಕದೊಂದು ಯಂತ್ರ ತೆಗೆದು, ಗಾಡಿಯಿಂದಾಚೆ ಕೈ ಚಾಚಿ, ನನ್ನ ಅಕ್ಕನ ನರಳಾಟವನ್ನು ಅದರೊಳಗೆ ತುಂಬಿಕೊಳ್ಳತೊಡಗಿದ. ಅವನ ಹೆಂಡತಿ ಉಸಿರು ಬಿಗಿಹಿಡಿದು ಕೂತಿದ್ದಳು, ಸದ್ದಾಗಬಾರದಲ್ಲ.

ನಾನು ತಕ್ಷಣ ಏಳಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಎದ್ದರೆ ಗಂಡನ ಟೋಪಿ ಹೋಗುತ್ತದೆ, ಅವನು ಜೈಲಿಗೂ ಹೋಗುತ್ತಾನೆ ಎಂದು ಮೊದಲು ಹೊಳೆಯಿತು. ಅಕ್ಕ ಸಾಯುತ್ತಾಳೆ ಎಂಬುದು ಆಮೇಲೆ. ಆ ಎರಡರ ನಡುವೆ ಎಷ್ಟು ಹೊತ್ತು ಮಲಗಿದ್ದೆನೋ, ಅಷ್ಟು ಹೊತ್ತನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಎದ್ದು ನಿಂತೆ.

"ಹಂದಿ ಅಲ್ಲ! ನನ್ನ ಅಕ್ಕ!"

ಅತಿಥಿಯ ಹೆಂಡತಿ ಹಾವು ತುಳಿದವಳ ಹಾಗೆ ಚೀರಿದಳು. "ಇಲ್ಲಿ ಜನ ಇದಾರೆ!" ಮರದ ಮೇಲಿನ ಚಿರತೆ ದೊಪ್ಪನೆ ಧುಮುಕಿ ಹುಲ್ಲಿನಲ್ಲಿ ಓಡಿಹೋಯಿತು. "ಹೋಯ್ತು! ಹೋಯ್ತಲ್ರೀ!" ಅತಿಥಿ ತೊಡೆ ಬಡಿದುಕೊಂಡ.

ಅವತ್ತಿನವರೆಗೆ ನಾನು ಗಂಡನನ್ನು ಏಕವಚನದಲ್ಲಿ ಕರೆದವಳಲ್ಲ. "ಏಯ್, ಇಳಿಯೋ!" ಅಂದೆ. "ಚಕ್ರದ ಕೆಳಗೆ ಬಿದ್ದಿರೋದು ಅಕ್ಕ ಕಣೋ! ನಿನ್ನ ತಟ್ಟೆಗೆ ಅನ್ನ ಬಡಿಸಿದೋಳು ಕಣೋ, ಹಡಬೆ ನನ್ನ ಮಗನೇ!"

ಅವನು ನನ್ನ ಕಡೆ ತಿರುಗಿದ. ಹಂದಿಯೆಂದಾಗ ಅದು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಯಾರೋ ಒಬ್ಬರು ಎಂಬುದಷ್ಟೇ ಗೊತ್ತಿತ್ತು. ಅವನ ಮುಖದ ಬಣ್ಣ ಇಳಿದುಹೋಯಿತು.

"ಸೌದೆ ಕಳ್ಳರು ಮೇಡಂ, ಎಷ್ಟು ಓಡಿಸಿದರೂ ಬರ್ತಾರೆ," ಎಂದು ಸಾಹೇಬ ಅವಳನ್ನು ಸಮಾಧಾನ ಮಾಡಿ, ಈ ಕಡೆ ತಿರುಗಿ ಹಲ್ಲು ಕಚ್ಚಿಕೊಂಡೇ ಕೂಗಿದ. "ಮೇಸ್ತ್ರೀ! ಎಲ್ಲಿ ಸತ್ತೆಯೋ?"

ಪೊದೆಯ ಹಿಂದಿನಿಂದ ಓಡಿಬಂದ ಮೇಸ್ತ್ರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಉದ್ದನೆಯ ಸಿಳ್ಳೆ ಹಾಕಿದ. ಹುಲ್ಲಿನಲ್ಲಿ ತಲೆ ಎತ್ತಿದ್ದ ನಮ್ಮವರು ಮತ್ತೆ ಮಲಗಿಬಿಟ್ಟರು. ನಾನೊಬ್ಬಳೇ ನಿಂತಿದ್ದೆ. ಆಗ ಕೆಮ್ಮಿನ ಮಾವನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಅವನು ಟವೆಲ್ ಉಗಿದು, ಎದ್ದು ನಿಂತು, ಮಂಡಿಯ ಮೇಲೆ ಕೈಯೂರಿ, ಆರು ವರ್ಷದ ಕೆಮ್ಮನ್ನೆಲ್ಲ ಕೆಮ್ಮಿದ. ಅವನ ಪಕ್ಕದವಳು ಎದ್ದಳು. ಅವಳಾಚೆಯವನು ಎದ್ದ. ಗಾಡಿಯ ಸುತ್ತ ಹುಲ್ಲಿನೊಳಗಿನಿಂದ ಒಬ್ಬೊಬ್ಬರಾಗಿ ಹತ್ತು ಜನ ಎದ್ದು ನಿಂತದ್ದನ್ನು ನೋಡಿ ಅತಿಥಿಯ ಹೆಂಡತಿ ಸೀಟಿನ ಕೆಳಗೆ ಕೂತುಬಿಟ್ಟಳು.

"ಗಾಡಿ ತಿರುಗಿಸು," ಅಂದ ಸಾಹೇಬ.

"ಸರ್, ಹಿಂದಿನ ಸೀಟು ಖಾಲಿ ಇದೆ..." ನನ್ನ ಗಂಡ ಅಳುತ್ತಿದ್ದ.

"ಆ ರಕ್ತ ಈ ಸೀಟಿಗೆ ಹತ್ತಿದರೆ ನಿನ್ನ ಹೆಂಡತಿ ಸೀರೆಯಲ್ಲಿ ಒರೆಸ್ತೀಯಾ? ತಿರುಗಿಸೋ, ಬೋಳಿಮಗನೇ!"

ಅವನು ತಿರುಗಿಸಿದ. ಅಳುತ್ತಲೇ ತಿರುಗಿಸಿದ.

ಅಕ್ಕನ ಸೊಂಟದಿಂದ ಕೆಳಗೆ ಎಲ್ಲ ನಜ್ಜುಗುಜ್ಜಾಗಿತ್ತು. ಎಲೆಬಣ್ಣದ ಅಂಗಿ ಕಪ್ಪಾಗಿತ್ತು. ಕಣ್ಣು ಮಾತ್ರ ಸ್ವಚ್ಛವಾಗಿ ತೆರೆದಿತ್ತು. "ಕಾಜಾಣ ಅಂದ್ಕೊಂಡೆ ಕಣೇ," ಅಂದಳು, ತಪ್ಪು ತನ್ನದೇ ಎಂಬ ಹಾಗೆ. ಕ್ಯಾನು ಮುಚ್ಚುವ ತಾಡಪಾಲಿನ ಮೇಲೆ ಅವಳನ್ನು ಮಲಗಿಸಿ, ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಗಾಡಿದಾರಿಯ ನಟ್ಟನಡುವೆ ನಡೆದೆವು. ಗೇಟಿಗೆ ಒಂದೂವರೆ ಮೈಲಿ. ಹಿಂದಿನಿಂದ ಬೇರೆ ಗಾಡಿಗಳು ಬಂದವು. ಕಾಡಿನಲ್ಲಿ ಹಾರನ್ ಹೊಡೆಯಬಾರದು, ಪ್ರಾಣಿಗಳಿಗೆ ತೊಂದರೆಯಾಗುತ್ತದೆ. ನಮಗೆ ಹೊಡೆದರು. ಮೇಸ್ತ್ರಿ ಪಕ್ಕದಲ್ಲಿ ಓಡುತ್ತಾ, "ದಾರಿ ಬಿಡ್ರೋ, ನನ್ನ ಹೊಟ್ಟೆ ಮೇಲೆ ಹೊಡೀಬೇಡ್ರೋ, ನಂಗೂ ಮಕ್ಕಳಿದಾರೆ ಕಣ್ರೋ" ಎಂದು ಗೋಗರೆದ. ಯಾರೂ ಪಕ್ಕಕ್ಕೆ ಸರಿಯಲಿಲ್ಲ.

ಗೇಟು ಮುಚ್ಚಿತ್ತು. ಅದರಾಚೆ ಬಿಳಿ ಬಣ್ಣದ ಚಿಕಿತ್ಸೆಯ ಕೊಠಡಿ, ಬಾಗಿಲಲ್ಲಿ ಡಾಕ್ಟರು. ಬಂದವರಿಗೆ ತಲೆ ಸುತ್ತಿದರೆ, ಜೇನು ಕಚ್ಚಿದರೆ ನೋಡಲು ಇಟ್ಟಿದ್ದಾರೆ. ಈಚೆ, ನೆರಳಿನಲ್ಲಿ, ಅತಿಥಿ ಗಂಡಹೆಂಡಿರು ತಣ್ಣನೆಯದೇನನ್ನೋ ಕುಡಿಯುತ್ತಿದ್ದರು. ನನ್ನ ಗಂಡ ನಲ್ಲಿಯ ಪೈಪು ಹಿಡಿದು ಗಾಡಿಯ ಚಕ್ರ ತೊಳೆಯುತ್ತಿದ್ದ. ಸಾಹೇಬನ ಕೈಯಲ್ಲಿ ಕಾಗದ ಸಿದ್ಧವಿತ್ತು.

ಅಪ್ಪಣೆಯಿಲ್ಲದೆ ಕಾಡಿಗೆ ನುಗ್ಗಿದೆ, ಸೌದೆ ಕದಿಯಲು ಮರ ಹತ್ತಿದೆ, ಬಿದ್ದು ಸೊಂಟ ಮುರಿದುಕೊಂಡೆ, ಎಂದು ಅದರಲ್ಲಿ ಅಕ್ಕನೇ ಹೇಳಿದ ಹಾಗೆ ಬರೆದಿತ್ತು. ಸಾಹೇಬ ಓದಿ ಹೇಳಿದ. "ಹೆಬ್ಬೆಟ್ಟು ಒತ್ತಿಸು, ಗೇಟು ತೆಗೀತೀನಿ."

"ನಂದು ಒತ್ತಿಸ್ಕೊಳ್ಳಿ ಸಾಹೇಬ್ರೇ," ಅಂದೆ. "ಎರಡೂ ಕೈದು ಒತ್ತಿಸ್ಕೊಳ್ಳಿ. ನಾನೇ ಕದ್ದೆ ಅಂತ ಬರೀರಿ. ಮೊದಲು ಗೇಟು ತೆಗೀರಿ."

"ನಿಂದ್ಯಾರಿಗೆ ಬೇಕೇ? ಸೊಂಟ ಮುರಿದಿರೋದು ಅವಳದ್ದು."

ಅಕ್ಕನ ತುಟಿ ಬೆಳ್ಳಗಾಗುತ್ತಿತ್ತು. ನಾನು ಅವಳ ತಲೆಯ ಹತ್ತಿರ ಕೂತು ಬೇಡಿಕೊಂಡೆ. "ಒತ್ತಿಬಿಡೇ ಅಕ್ಕಾ. ಒಂದು ಹೆಬ್ಬೆಟ್ಟು ಕಣೇ. ಡಾಕ್ಟರು ಅಲ್ಲೇ ನಿಂತಿದಾರೆ ನೋಡು. ನಿನ್ನ ಕಾಲಿಗೆ ಬೀಳ್ತೀನಿ."

"ನಾನು ಕದ್ದಿಲ್ಲ," ಅಂದಳು ಅಕ್ಕ.

"ಗೊತ್ತು ಕಣೇ..."

"ಕದ್ದಿಲ್ಲ ಅಂದ್ರೆ ಕದ್ದಿಲ್ಲ." ಎರಡು ಕೈಯನ್ನೂ ಮುಷ್ಟಿ ಮಾಡಿ ಗಲ್ಲದ ಕೆಳಗೆ ಒತ್ತಿಕೊಂಡಳು.

ಮೇಸ್ತ್ರಿ ಮಸಿಡಬ್ಬಿ ಹಿಡಿದು ಬಗ್ಗಿದ. ಅವಳ ಬೆರಳು ಬಿಡಿಸಲು ನೋಡಿದ, ಅವಳ ಕಣ್ಣು ಕಂಡು ಡಬ್ಬಿ ಕೆಳಗಿಟ್ಟುಬಿಟ್ಟ. "ನನ್ನ ಕೈಲಿ ಆಗಲ್ಲ ಸಾಹೇಬ್ರೇ," ಎಂದು ಹಿಂದೆ ಸರಿದ. ಅತಿಥಿ ಎದ್ದು ನಿಂತು ಗಡಿಯಾರ ನೋಡಿಕೊಂಡ. ಗೇಟಿನ ಮುಂದೆ ಗಾಡಿಗಳ ಸಾಲು ಬೆಳೆಯುತ್ತಿತ್ತು.

"ಒಂದು ಹೆಣ್ಣಿನ ಕೈ ಬಿಡಿಸಕ್ಕೆ ಬರಲ್ವೇನೋ ನಿಂಗೆ?" ಎಂದು ಸಾಹೇಬ ಪ್ಯಾಂಟು ಎಳೆದುಕೊಂಡು ಮಂಡಿಯೂರಿದ. ಅಕ್ಕನ ಮುಷ್ಟಿಯನ್ನು ಗಲ್ಲದ ಕೆಳಗಿನಿಂದ ಎಳೆಯಲು ಅವಳ ಮುಖದ ಮೇಲೆ ಕೈ ಹಾಕಿದ. "ಬಿಚ್ಚೇ ಮುಂಡೆ, ಸಾಯೋ ಹೊತ್ತಲ್ಲೂ ನಿನ್ನ ಕೊಬ್ಬು..."

ಮಾತು ಮುಗಿಯಲಿಲ್ಲ. ಅಕ್ಕ ಅವನ ಹೆಬ್ಬೆರಳನ್ನು ಬುಡಸಮೇತ ಬಾಯಲ್ಲಿ ಹಿಡಿದಿದ್ದಳು.

ಅವನು ಕೂಗಿದ ಕೂಗಿಗೆ ಕೆರೆಯ ಕಡೆಯ ಹಕ್ಕಿಗಳೆಲ್ಲ ಎದ್ದವು. ಎಳೆದುಕೊಂಡ, ಬರಲಿಲ್ಲ. ಇನ್ನೊಂದು ಕೈಯಿಂದ ಅವಳ ಕೆನ್ನೆಗೆ ಹೊಡೆದ, ಹೊಡೆದಷ್ಟೂ ಹಲ್ಲು ಆಳಕ್ಕಿಳಿಯಿತು. ಬಡವನ ಕೋಪ ದವಡೆಗೆ ಮೂಲ ಎಂದು ಗಾದೆ ಮಾಡಿದವನು ಇಂಥ ದವಡೆಯನ್ನು ಕಂಡಿರಲಾರ. ಅವಳ ಬಾಯಿಯಂಚಿನಿಂದ ಸಾಹೇಬನ ರಕ್ತ ಇಳಿದು ಕುತ್ತಿಗೆಗೆ ಬಂತು.

"ಡಾಕ್ಟ್ರೇ! ಯಾರಾದ್ರೂ ಡಾಕ್ಟ್ರನ್ನ ಕರೀರೋ! ಗೇಟು ತೆಗೀರೋ!"

ಗೇಟು ತೆರೆಯಿತು. ಅರ್ಧ ಗಂಟೆಯಿಂದ ಕಲ್ಲಿನ ಹಾಗೆ ನಿಂತಿದ್ದ ಡಾಕ್ಟರು ಪೆಟ್ಟಿಗೆ ಹಿಡಿದು ಓಡಿಬಂದರು. ಅಕ್ಕನನ್ನು ದಾಟಿ ಸಾಹೇಬನ ಕೈ ನೋಡಿದರು. ಆಮೇಲೆ ಬೇರೆ ದಾರಿಯಿಲ್ಲದೆ ಅಕ್ಕನ ದವಡೆಯನ್ನೂ ನೋಡಿದರು.

"ಬಲವಂತವಾಗಿ ಬಿಡಿಸಿದರೆ ಬೆರಳೇ ಕಿತ್ತು ಬರುತ್ತೆ ಸರ್. ದವಡೆ ಬಿಗಿದುಕೊಂಡಿದೆ. ಸಡಿಲ ಮಾಡೋ ಇಂಜೆಕ್ಷನ್ ಇಲ್ಲಿಲ್ಲ. ಆಸ್ಪತ್ರೆಗೇ ಹೋಗಬೇಕು."

"ಹಾಗಾದ್ರೆ ಹೋಗೋಣ ನಡೀರಿ!"

"ಇಬ್ಬರನ್ನೂ ಒಟ್ಟಿಗೇ ಎತ್ತಬೇಕಾಗುತ್ತೆ ಸರ್."

ಎತ್ತಿದೆವು. ತಾಡಪಾಲಿನ ನಾಲ್ಕು ಮೂಲೆ ನಮ್ಮವರು ಹಿಡಿದರು, ಸಾಹೇಬ ಪಕ್ಕದಲ್ಲಿ ಬಗ್ಗಿಕೊಂಡು, ಅಕ್ಕನ ಮುಖಕ್ಕೆ ಮುಖ ತಾಗಿಸಿಕೊಂಡು ನಡೆದ. ಗಾಡಿಯ ಹಿಂದಿನ ಸೀಟುಗಳ ನಡುವೆ ಅಕ್ಕನನ್ನು ಮಲಗಿಸಿದೆವು. ಸಾಹೇಬನೂ ಅಲ್ಲೇ ನೆಲದ ಮೇಲೆ ಅವಳ ಪಕ್ಕ ಒರಗಬೇಕಾಯಿತು. ಸೀಟೆಲ್ಲ ರಕ್ತವಾಯಿತು. ಅತಿಥಿ ತನ್ನ ಯಂತ್ರವನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಯಾವ ದನಿಯನ್ನು ತುಂಬಿಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲವೆಂದು ಕಾಣುತ್ತದೆ.

ನನ್ನ ಗಂಡ ಪೈಪು ಬಿಸಾಡಿ ಬಂದು ಸ್ಟಿಯರಿಂಗ್ ಹಿಡಿದ. ನಾನು ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಾಡಿ ಗೇಟು ದಾಟಿ ರಸ್ತೆಗೆ ಬಿತ್ತು. ಮೊದಲ ಗುಂಡಿಗೇ ಸಾಹೇಬ ಒದ್ದಾಡಿಹೋದ.

"ನಿಧಾನ ಹೋಗೋ! ನಿಧಾನ!" ಎಂದು ಚೀರಿ, ನನ್ನ ಕಡೆ ಕಣ್ಣೆತ್ತಿದ. "ಬಿಡು ಅಂತ ಹೇಳೇ ತಾಯಿ. ನಿನ್ನ ಮಾತು ಕೇಳ್ತಾಳೆ. ಕಾಗದ ಹರಿದು ಹಾಕ್ತೀನಿ. ಆಣೆ ಮಾಡಿ ಹೇಳ್ತೀನಿ, ಬಿಡಿಸು."

ಅವಳು ಬಿಟ್ಟರೆ ನಮ್ಮಿಬ್ಬರನ್ನೂ ಯಾವ ಮೋರಿಯ ಪಕ್ಕ ಇಳಿಸುತ್ತಾನೆಂದು ನನಗೆ ಗೊತ್ತಿತ್ತು. ಅಕ್ಕನ ಮೂಗಿನ ಹತ್ತಿರ ಬೆರಳು ಹಿಡಿದೆ, ಬಿಸಿ ತಾಕಿತು. ಬಗ್ಗಿ ಅವಳ ಕಿವಿಗೆ ಬಾಯಿಟ್ಟೆ.

"ಬಿಡಬೇಡ ಅಕ್ಕಾ," ಅಂದೆ. "ಆಸ್ಪತ್ರೆ ಬಾಗಿಲು ಬರೋ ತನಕ ಬಿಡಬೇಡ."

ನನ್ನ ಗಂಡ ಕನ್ನಡಿಯಲ್ಲಿ ನಮ್ಮನ್ನು ನೋಡಿದ. "ನಿಧಾನ ಹೋಗ್ಲಾ, ಜೋರಾಗಿ ಹೋಗ್ಲಾ?" ಎಂದು ಕೇಳಿದ. ಟೋಪಿ ಬಂದ ಮೇಲೆ ಆ ಗಾಡಿಯಲ್ಲಿ ಅವನು ಸಾಹೇಬನನ್ನು ಬಿಟ್ಟು ಬೇರೆಯವರನ್ನು ಕೇಳಿದ್ದು ಅದೇ ಮೊದಲು.

"ಜೋರಾಗಿ ಹೋಗು," ಅಂದೆ.

ಅವನು ಗೇರು ಬದಲಿಸಿದ. ಆಸ್ಪತ್ರೆ ಇನ್ನೂ ಹನ್ನೆರಡು ಮೈಲಿ ದೂರವಿತ್ತು.